ಅತ್ತೆ ಬಂದಾಗ ಮಾತ್ರ ನೀರು

ಪೋರ್ಚುಗಲ್ಲಿನ ಉತ್ತರದ ಆ ಊರಿನಲ್ಲಿ ಕಲ್ಲು ಕೊಯ್ಯದ ಮನೆಯಿಲ್ಲ, ಕೆಮ್ಮಿಲ್ಲದ ಮನೆಯೂ ಇಲ್ಲ. ಭಾನುವಾರ ಇಗರ್ಜಿಗೆ ಹೋದರೆ ಪಾದ್ರಿಗಳ ಮಾತಿಗಿಂತ ಗಂಡಸರ ಕೆಮ್ಮೇ ಜೋರು. ಅದಕ್ಕೆ ಅವರ ಮದ್ದು ಒಂದೇ, ಕೆಲಸ ಬಿಟ್ಟ ಮೇಲೆ ಒಂದು ಲೋಟ ಹಾಲು. ಕುಡಿದರೆ ಎದೆಯ ಧೂಳೆಲ್ಲ ತೊಳೆದುಹೋಗುತ್ತದಂತೆ!

ಅದೆಲಿನೋ ಆ ಹಾಲನ್ನೇ ನಂಬಿದವನು. ಈಗ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಅಳಿಯ ವಾಲ್ದೆಮಾರ್ ಅವನ ಪಕ್ಕದ ಗರಗಸದಲ್ಲೇ ಕೆಲಸಕ್ಕಿದ್ದ. ಮಗಳು ತುಂಬು ಬಸುರಿ.

"ಅಣ್ಣಾ, ಹಾಲು ಹೋಗೋದು ಹೊಟ್ಟೆಗೆ, ಧೂಳು ಕೂತಿರೋದು ಶ್ವಾಸಕೋಶದಲ್ಲಿ. ಎಲ್ಲಿಂದೆಲ್ಲಿಗೆ ಸಂಬಂಧ?" ಎಂದಳು ಲುರ್ದೆಶ್. ಅವಳೂ ಅಲ್ಲೇ ಕಲ್ಲು ಪಾಲಿಶ್ ಮಾಡುವವಳು, ಕೆಲಸಗಾರರೇ ಆರಿಸಿದ ಸುರಕ್ಷತಾ ಪ್ರತಿನಿಧಿ.

"ನಮ್ಮಪ್ಪನೂ ಕುಡೀತಿದ್ದ ಕಣೇ."

"ಎಷ್ಟು ವಯಸ್ಸಿಗೆ ಹೋದ್ರು?"

ಅದೆಲಿನೋ ಹಾಲಿನ ಲೋಟ ಕೆಳಗಿಟ್ಟ. ಐವತ್ತೂ ತುಂಬಿರಲಿಲ್ಲ ಅಪ್ಪನಿಗೆ.

"ನೀರು ಬಿಟ್ಕೊಂಡು ಕೊಯ್ದ್ರೆ ಧೂಳು ಏಳೋದೇ ಕಮ್ಮಿ. ಧೂಳೆಳೆಯೋ ಯಂತ್ರ, ಸರಿಯಾದ ಮುಖಗವಸು, ಎದೆ ತಪಾಸಣೆ, ಎಲ್ಲಾ ಧಣಿ ಖರ್ಚಲ್ಲೇ ಆಗ್ಬೇಕು. ಕಾನೂನಿದೆ ಅಣ್ಣಾ."

"ಕಾನೂನು ಲಿಸ್ಬನ್ನಲ್ಲಿದೆ. ನಾವು ಇಲ್ಲಿದ್ದೀವಿ."

ನೀರು ಬಿಟ್ಟರೆ ಕೆಲಸ ನಿಧಾನ ಎಂದು ಧಣಿಯ ಗೊಣಗಾಟ, ಚಳಿಗೆ ಕೈ ಮರಗಟ್ಟುತ್ತದೆಂದು ಕೆಲಸಗಾರರದ್ದು. ಇನ್ಸ್‌ಪೆಕ್ಟರ್ ಕಾರು ತಿರುವಿನಲ್ಲಿ ಕಂಡರೆ ಸಾಕು, "ಅತ್ತೆ ಬಂದ್ಲು!" ಎಂದು ಯಾರೋ ಸಂಕೇತದ ಕೂಗು ಹಾಕುತ್ತಿದ್ದರು. ಎಲ್ಲರೂ ನಲ್ಲಿ ತಿರುಗಿಸುತ್ತಿದ್ದರು. ಅತ್ತೆ ಹೋದಳೋ, ನೀರೂ ಬಂದ್. ಯಾರಿಗೆ ಮೋಸ ಮಾಡಿದ ಹಾಗಾಯಿತು ಹೇಳಿ? ಧೂಳು ಕುಡಿಯುತ್ತಿದ್ದವರು ಅವರೇ ಅಲ್ಲವೇ!

ಒಂದು ಬೆಳಿಗ್ಗೆ ಕೂಗು ಎದ್ದಿತು. ನೀರು ಹರಿಯಿತು. ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು, ಬಾಗಿಲು ಮುಚ್ಚಿ ಮಾತಾಡಿಸಿದರು.

"ಯಾವಾಗ್ಲೂ ನೀರು ಬಿಡ್ತೀರಾ?"

'ಹೌದು' ಎನ್ನುವ ಮಾತು ಅದೆಲಿನೋನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊರಗೆ ವಾಲ್ದೆಮಾರ್ ಕೆಮ್ಮಿದ. ಒಣ ಕೆಮ್ಮು, ಥೇಟ್ ಅದೆಲಿನೋನ ಅಪ್ಪನದೇ.

"ಇಲ್ಲ ಸ್ವಾಮಿ," ಎಂದ. "ನೀವು ಬಂದಾಗ ಮಾತ್ರ."

ಒಣ ಕೊಯ್ತ ಅಂದೇ ನಿಂತಿತು. ನೀರಿನ ಕೊಳವೆ, ಧೂಳೆಳೆಯುವ ಯಂತ್ರ ಸರಿಯಾಗುವ ತನಕ ಗರಗಸ ತಿರುಗಕೂಡದೆಂದು ಆಜ್ಞೆಯಾಯಿತು. ರಾತ್ರಿ ಊಟಕ್ಕೆ ಕೂತಾಗ ಅದೆಲಿನೋ ತಾನಾಡಿದ್ದನ್ನು ಹೇಳಿದ. ವಾಲ್ದೆಮಾರ್ ಎಲೆಕೋಸಿನ ಸಾರಿನ ಬಟ್ಟಲು ತಳ್ಳಿದ.

"ಕೆಲಸ ಹೋದ್ರೆ ಮಣ್ಣು ತಿನ್ನೋದಾ ಮಾವ? ಯಾಕ್ ಬೇಕಿತ್ತು ಈ ಉಸಾಬರಿ?"

"ಹುಟ್ಟೋ ಮಗೂನ ಎತ್ಕೊಂಡು ಓಡಾಡೋಕೆ ಅಪ್ಪಂಗೆ ಉಸಿರು ಬೇಡ್ವೇನಪ್ಪಾ?" ಎಂದಳು ಅದೆಲಿನೋನ ಹೆಂಡತಿ ಎರ್ಮೆಲಿಂದಾ. ಅವನು ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ.

ಎಲ್ಲ ಸರಿಯಾದ ಮೇಲೆ ಗರಗಸಗಳು ಮತ್ತೆ ತಿರುಗಿದವು, ನೀರಿನೊಂದಿಗೆ. ಧಣಿಯ ಖರ್ಚಿನಲ್ಲೇ ಎಲ್ಲರ ಎದೆಯ ಎಕ್ಸ್‌ರೇ ಆಯಿತು. ಅಳಿಯನ ಶ್ವಾಸಕೋಶ ಚೊಕ್ಕಟವಾಗಿತ್ತು. ಮಾವನದು ಗಟ್ಟಿಯಾಗಿಬಿಟ್ಟಿತ್ತು. "ಇದು ವಾಸಿಯಾಗೋದಿಲ್ಲ," ಎಂದರು ಡಾಕ್ಟರು.

ವಾಲ್ದೆಮಾರ್ ಎರಡು ಚಿತ್ರಗಳನ್ನೂ ನೋಡಿದ. ಮಾವನ ಕೈ ಹಿಡಿದುಕೊಂಡು ಅತ್ತುಬಿಟ್ಟ. ಈಗ ಯಾರಾದರೂ ಒಣಗರಗಸ ಹಚ್ಚಿದರೆ ಮೊದಲು ನಿಲ್ಲಿಸುವವನು ಅವನೇ.

ಕಲ್ಲು ಕೊಯ್ಯುವ ಅಣ್ಣಂದಿರೇ, ಅಕ್ಕಂದಿರೇ, ಕಲ್ಲಿನ ಧೂಳಿನ ಕಾಯಿಲೆಗೆ ಮದ್ದಿಲ್ಲ, ತಡೆಯೊಂದೇ ದಾರಿ. ನೀರಿಲ್ಲದೆ ಗರಗಸ ಮುಟ್ಟಬೇಡಿ. ನಿಮ್ಮ ಪ್ರತಿನಿಧಿಗೆ ಹೇಳಿ. ಇನ್ಸ್‌ಪೆಕ್ಟರ್ ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳಿ. ದೂರಿದವರ ಹೆಸರನ್ನು ಅವರು ಹೊರಗೆ ಬಿಡುವಂತಿಲ್ಲ. ಅದೆಲಿನೋ ಆಡಿದ ಒಂದು ಮಾತು ಅಳಿಯನ ಪಾಲಿಗೆ ಹೊತ್ತಿಗೆ ಸರಿಯಾಗಿ ಬಂತು, ಅದೆಲಿನೋನ ಪಾಲಿಗೇ ತಡವಾಗಿತ್ತು. ನೀವು ತಡಮಾಡಬೇಡಿ.