ಬೆಚ್ಚಗಿನ ಹೆಣ

ವರದಿ ಒಂದೇ ಸಾಲಿನದು: ನೀವು ಕಳಿಸಿದ ಜೀವಕೋಶಗಳು ಬೆಲೂಗಾ ತಿಮಿಂಗಿಲದವಲ್ಲ, ಇಲಿಯವು.

ಒಡೆಟ್ ಮೂರು ಸಲ ಓದಿದಳು. ಸೇಂಟ್ ಲಾರೆನ್ಸ್ ನದಿದಡದ ಈ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಜೀವಕೋಶ ಸಾಕಿದವಳು ಅವಳು. ಸತ್ತ ಬೆಲೂಗಾ ಮರಿಯ ಮೂತ್ರಪಿಂಡದಿಂದ ಬೆಳೆಸಿದ್ದೆಂದುಕೊಂಡ ಕೋಶಗಳಿಗೆ ಬಣ್ಣದ ಕಾರ್ಖಾನೆಯ ಹೊಸ ರಾಸಾಯನಿಕ ಹಾಕಿ, ಏನೂ ಆಗಲಿಲ್ಲವೆಂದು ಬರೆದುಕೊಟ್ಟವಳೂ ಅವಳೇ. ಆ ಕಾಗದದ ಬಲದ ಮೇಲೆ ರಾಸಾಯನಿಕವನ್ನು ನದಿಗೆ ಬಿಡಲು ಕಾರ್ಖಾನೆಗೆ ಅಕ್ಟೋಬರಿನಲ್ಲಿ ಪರವಾನಗಿ ಸಿಗಲಿತ್ತು.

ಎಡವಿದ್ದೆಲ್ಲಿ ಎಂದು ಅವಳಿಗೆ ಗೊತ್ತಿತ್ತು. ಒಂದು ಪ್ರಾಣಿಯ ಕೋಶಕ್ಕೆ ಬಳಸಿದ ಪೋಷಕ ದ್ರವದ ಬಾಟಲಿಯನ್ನು ಇನ್ನೊಂದಕ್ಕೆ ಮುಟ್ಟಿಸಕೂಡದು. ಹೊಸಬರಿಗೆ ಅವಳೇ ಗದರಿ ಕಲಿಸುವ ಪಾಠ. ಹಿಮ ಬಿದ್ದು ಸರಕು ಬಾರದ ಒಂದು ವಾರ, ಉಳಿದ ಒಂದೇ ಬಾಟಲಿಯಿಂದ ಪಕ್ಕದಲ್ಲೇ ಸಾಕುತ್ತಿದ್ದ ಇಲಿಯ ಕೋಶಕ್ಕೂ ಬೆಲೂಗಾದ್ದಕ್ಕೂ ಉಣಿಸಿದ್ದಳು. ಒಂದು ಹನಿ ಸಾಕಾಯಿತು. ಇಲಿಯ ಕೋಶ ಬಲು ಗಟ್ಟಿಪಿಂಡ, ಬೆಲೂಗಾದ್ದನ್ನು ಹೊರದಬ್ಬಿ ತಾನೇ ಹಬ್ಬಿತು. ಎಷ್ಟು ಚೆನ್ನಾಗಿ ಬೆಳೆಯುತ್ತಿವೆ ಎಂದು ಈ ಪೆದ್ದಿ ಬೀಗಿದ್ದಳು. ಶೀತಲಪೆಟ್ಟಿಗೆಯಲ್ಲಿ ಕಾದಿಟ್ಟ ಕೋಶಗಳೂ ಆ ವಾರದ ಆಮೇಲಿನವೇ, ಅವೂ ಇಲಿಯವೇ.

"ಪರವಾನಗಿ ಆಗಿಬಿಡ್ಲಿ, ಆಮೇಲೆ ನೋಡೋಣ" ಎಂದ ಮುಖ್ಯಸ್ಥ ನಾರ್ಮಾಂ.

"ಆಮೇಲೆ ಏನ್ ನೋಡ್ತೀಯ? ನದೀಲಿ ತೇಲೋ ಹೆಣಾನಾ?"

"ಕೆಡಿಸಿದ್ದು ನಿನ್ ಕೈ, ನೆನಪಿರ್ಲಿ."

"ಮರೆಯೋಕೆ ನೀನು ಬಿಟ್ರೆ ತಾನೇ!"

ಅಂದೇ ಪರವಾನಗಿ ಕಚೇರಿಗೆ ತಪ್ಪೊಪ್ಪಿ ಬರೆದಳು. ಉತ್ತರ ತಣ್ಣಗೆ ಬಂತು: ಸೆಪ್ಟೆಂಬರ್ ಮುಗಿಯುವುದರೊಳಗೆ ಬೆಲೂಗಾದ ಕೋಶದಲ್ಲೇ ಮತ್ತೆ ಪರೀಕ್ಷಿಸಿ ಕೊಡಿ, ವರದಿ ಬಾರದಿದ್ದರೆ ಆಕ್ಷೇಪಣೆ ಇಲ್ಲವೆಂದು ತಿಳಿದು ಪರವಾನಗಿ ಕೊಡುತ್ತೇವೆ.

ಕೋಶ ತೆಗೆಯಲು ಹೆಣ ಇನ್ನೂ ಬೆಚ್ಚಗಿರಬೇಕು. ಆ ಬೇಸಿಗೆ ದಡಕ್ಕೆ ಬಂದ ಬೆಲೂಗಾ ಹೆಣಗಳು ಮೂರೂ ಕೊಳೆತು ನಾರುತ್ತಿದ್ದವು.

ಜುಲೈ ಕೊನೆಗೆ, ದಡ ಕಾಯುವ ರೆಜಾಂ ಫೋನ್ ಮಾಡಿದ. "ಒಡೆಟ್, ತಾಯಿ ಬೆಲೂಗಾ ಒಂದು ದಡಕ್ಕೆ ಬಿದ್ದಿದೆ ಕಣೇ. ಹೆರಿಗೆ ಅರ್ಧಕ್ಕೇ ನಿಂತಿದೆ. ಉಸಿರಾಡ್ತಿದೆ, ನೀರು ಹೊಯ್ತಾ ಇದೀವಿ. ಉಬ್ಬರ ಬರೋವರ್ಗೂ ತಡಕೊಂಡ್ರೆ ಉಳಿಯತ್ತೆ."

ಐಸ್ ಪೆಟ್ಟಿಗೆ, ಚಾಕುಗಳನ್ನು ಕಾರಿಗೆ ಹಾಕಿಕೊಂಡು ಹೊರಟಳು. ಅವಳಿಗೆ ಸಂತೋಷವಾಗಿತ್ತು. ಆ ಸಂತೋಷಕ್ಕೆ ಹೇಸಿಗೆಯೂ ಆಯಿತು.

ಉಸುಕಿನ ಮೇಲೆ ಬಿಳಿಯ ಮೈ ಏರಿಳಿಯುತ್ತಿತ್ತು. ಕಣ್ಣು ತೆರೆದೇ ಇತ್ತು. ರೆಜಾಂ ಅವಳ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ. ಒಂದು ಬಕೆಟ್ ಚಾಚಿದ. "ಹಿಡಿ, ಉಬ್ಬರಕ್ಕೆ ಇನ್ನೊಂದು ಗಂಟೆ."

ಒಡೆಟ್ ಎಲ್ಲರ ಜೊತೆ ಸಾಲಿನಲ್ಲಿ ನಿಂತು ನೀರು ಹೊಯ್ದಳು. ಹೊಯ್ಯುತ್ತಲೇ ಒಳಗೊಳಗೆ ಬೇಡಿಕೊಂಡಳು: ಸಾಯಿ ತಾಯಿ, ಬೇಗ ಸಾಯಿ.