ಅಮ್ಮಿಯ ಬಲದ್

ಬೆಸುಗೆಯ ಹೊಗೆ ಮೂಗಿಗೆ ಹತ್ತುತ್ತಿದೆ, ಭೂತಗನ್ನಡಿಯ ಕೆಳಗೆ ಸರ್ಕ್ಯೂಟ್ ಬೋರ್ಡಿನ ಬೆಳ್ಳಿಚುಕ್ಕೆಗಳು ಉಬ್ಬುತ್ತಿವೆ, ಕುಗ್ಗುತ್ತಿವೆ—ಹತ್ತು ಗಂಟೆಗೆ ಆಫೀಸಿಗೆ ಬಾ ಎಂದಿದ್ದಾನೆ ಸೂಪರ್‌ವೈಸರು, ಬರುವಾಗ ಲಾಕರಿನ ಆ ಫೋಟೋ ತಾ, ಆ ಫೋಟೋ ಅಂದರೆ ಅಮ್ಮಿ, ಕಪ್ಪು ಚಾದರ ಹೊದ್ದ ನನ್ನ ಅಮ್ಮಿ, ಹಿಂದೆ ದರ್ಗಾದ ಗುಮ್ಮಟ, ಅವಳದೆಂದು ಉಳಿದಿರುವುದು ಇದೊಂದೇ, ಐದು ವರ್ಷದಿಂದ ಅಮೆರಿಕದ ಹೇವರ್ಡಿನ ಈ ಫ್ಯಾಕ್ಟರಿಯಲ್ಲಿ ಲಾಕರಿನ ಬಾಗಿಲ ಒಳಗೆ ಅಂಟಿಕೊಂಡಿತ್ತು, ಯಾರ ಕಣ್ಣನ್ನೂ ಚುಚ್ಚಿರಲಿಲ್ಲ—ಹೋದ ವರ್ಷ, ಎಪ್ಪತ್ತೊಂಬತ್ತರ ನವೆಂಬರಿನಲ್ಲಿ, ತೆಹರಾನಿನಲ್ಲಿ ಇರಾನಿನವರು ಅಮೆರಿಕದವರನ್ನು ಒತ್ತೆ ಇಟ್ಟುಕೊಂಡರು ನೋಡು, ಅಂದಿನಿಂದ ಚಾದರವೆಲ್ಲ ಇರಾನು, ಗುಮ್ಮಟವೆಲ್ಲ ಇರಾನು, ನಾನೂ ಇರಾನು, ಸೋಮವಾರ ಯಾರೋ ಲಾಕರಿನ ಮೇಲೆ ಕೆಂಪಗೆ ಬರೆದಿದ್ದರು, ನಿನ್ನ ದೇಶಕ್ಕೆ ಹೋಗು, ಯಾವುದಕ್ಕೆ, ನಾನು ಹುಟ್ಟಿದ, ಗೌರಿಬಿದನೂರಿನ ಪಕ್ಕದ ಅಲೀಪುರಕ್ಕೋ, ಅಮ್ಮಿ ಮಲಗಿರುವ ಬಲದ್‌ಗೋ, ಬಲದ್ ಇರುವುದು ಇರಾಕಿನಲ್ಲಿ, ಬಾಗ್ದಾದಿನಿಂದ ಸಾಮರ್ರಾಕ್ಕೆ ಹೋಗುವ ದಾರಿಯಲ್ಲಿ, ಪುಟ್ಟ ಊರು, ಇಮಾಮರ ಮಗನ ಸಮಾಧಿಗೆಂದು ನಮ್ಮ ಶಿಯಾ ಜನ ಎಲ್ಲೆಲ್ಲಿಂದಲೋ ಬರುತ್ತಾರೆ, ಬೊಂಬಾಯಿಯಿಂದ ಹಡಗು ಹತ್ತಿ ನಾವೂ ಹೋದೆವು, ಆಗ ನನಗೆ ಹನ್ನೊಂದು ವರ್ಷ, ಬಲದ್ ಅಂದರೆ ಕನ್ನಡ ಅಲ್ಲವಾ ಅಮ್ಮಿ, ಹಾಗಾದರೆ ಎಡದ ಊರು ಎಲ್ಲಿದೆ, ಅಮ್ಮಿ ದ್ರಾಕ್ಷಿ ತೊಳೆಯುತ್ತ ನಗುತ್ತಾಳೆ, ಅಬ್ಬಾ ದರ್ಗಾದ ಮುಂದಿನ ಫೋಟೋದವನನ್ನು ಕರೆಯುತ್ತಾರೆ, ಮರುದಿನ ಅಮ್ಮಿಗೆ ಜ್ವರ, ನಾಲ್ಕನೆಯ ದಿನ ಅಲ್ಲೇ ಮಣ್ಣು ಮಾಡಿದೆವು, ಯಾತ್ರೆಯಲ್ಲಿ ಹೋದವಳು, ಅಳಬಾರದು ಎಂದರು ಅಬ್ಬಾ, ನಾನು ಅತ್ತೆ.

ಪಕ್ಕದ ಸ್ಟೂಲಿನಿಂದ ಗುಲಾಬಿ, ಮಂಗಳೂರಿನವಳು, ತಲೆ ಎತ್ತದೆ ಪಿಸುಗುಟ್ಟುತ್ತಾಳೆ, ಹೇಳಿಬಿಡು ಮಾರಾಯ್ತಿ, ನಾನು ಇರಾನಿನವಳಲ್ಲ ಅಂತ, ಒಂದು ಸೆಂಟೆನ್ಸು, ಮುಗೀತಲ್ಲ. ಮುಗಿಯುತ್ತದೆ, ಅದು ನಿಜವೂ ಹೌದು, ಆದರೆ ಎದುರಿನ ಸ್ಟೂಲು ಖಾಲಿಯಿದೆ, ಅಲ್ಲಿ ಪರ್ವೀನ್ ಇದ್ದಳು, ಅವಳು ಇರಾನಿನವಳೇ, ಫೆಬ್ರವರಿಯಲ್ಲಿ ಪಾರ್ಕಿಂಗಿನಲ್ಲಿ ಅವಳ ಕಾರಿನ ನಾಲ್ಕೂ ಟೈರು ಕೊಯ್ದರು, ಮತ್ತೆ ಬರಲಿಲ್ಲ, ನಾನು ಅವಳಲ್ಲ ಎಂದರೆ ಅವಳಿಗೆ ಮಾಡಿದ್ದು ಸರಿ ಎಂದ ಹಾಗೆ—ಹತ್ತು ಗಂಟೆ, ಆಫೀಸು, ಸೂಪರ್‌ವೈಸರು ಕುರ್ಚಿ ತೋರಿಸುತ್ತಾನೆ, ನಾನು ಕೂರುವುದಿಲ್ಲ. ನೀನು ಇರಾನಿಯಾ? ಇದು ನನ್ನ ತಾಯಿ, ಎಂದು ಫೋಟೋ ತೋರಿಸುತ್ತೇನೆ. ಕೇಳಿದ್ದು ಅದಲ್ಲ ರಬಾಬ್, ಅಲ್ಲ ಅಂತ ಒಂದು ಮಾತು ಹೇಳು, ಉಳಿದವರಿಗೆ ನಾನು ಹೇಳಿಕೊಳ್ಳುತ್ತೇನೆ, ದನಿ ಮೆತ್ತಗಿದೆ, ಒಳ್ಳೆಯವನೇ ಇರಬೇಕು, ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ನಿಮ್ಮ ಮೇಜಿನ ಮೇಲೂ ಒಬ್ಬ ಅಜ್ಜಿಯ ಫೋಟೋ ಇದೆ, ಅವರು ಯಾವ ದೇಶದವರು ಅಂತ ನಾನು ಕೇಳಿದೆನಾ? ಅವನ ಕಿವಿ ಕೆಂಪಾಯಿತು. ಬೋರ್ಡಿನ ಇನ್‌ಸ್ಪೆಕ್ಷನ್ ಸಾಕು, ಎಂದ, ಇವತ್ತಿನಿಂದ ಪ್ಯಾಕಿಂಗು. ಸರಿ, ಎಂದೆ, ಅಷ್ಟೇ ಎಂದೆ.

ಪ್ಯಾಕಿಂಗು ಅಂದರೆ ಗೋದಾಮು, ಇಡೀ ದಿನ ನಿಂತು ಪೆಟ್ಟಿಗೆ ಎತ್ತುವುದು, ಎತ್ತಿದ ಶಟರಿನಿಂದ ಹತ್ತಿರದ ಕೊಲ್ಲಿಯ ಚಳಿಗಾಳಿ ನೇರ ಎದೆಗೆ, ಬೀಸಲಿ, ಊಟದ ಬಿಡುವಿನಲ್ಲಿ ಗುಲಾಬಿ ಬಂದಳು, ಎಂಥ ಹಠಮಾರಿ ನೀನು, ಬೈದಳು, ಬೈಯುತ್ತಲೇ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು ಕೊಟ್ಟಳು, ಎಲ್ಲಿಗೆ ಅಂಟಿಸ್ಬೇಕು ಹೇಳು. ಲಾಕರಿನೊಳಗಲ್ಲ, ಇನ್ನು ಒಳಗಲ್ಲ, ಟ್ರಕ್ಕಿನವರೆಲ್ಲ ನೋಡುವ ಈ ಕಂಬಕ್ಕೆ, ಮೂಲೆಗೊಂದು ಟೇಪು, ಫೋಟೋದ ಮೇಲೆ ಬಿಸಿಲು ಬಿತ್ತು, ಇಷ್ಟು ವರ್ಷ ಅದರಲ್ಲಿ ಅಮ್ಮಿ ಅಳುತ್ತಿದ್ದಾಳೆ ಎಂದುಕೊಂಡಿದ್ದೆ, ಅಳುತ್ತಿಲ್ಲ, ಅವಳಿಗೆ ಸೂರ್ಯ ಎದುರಿಗಿದ್ದಾನೆ, ಒಂದು ಕಣ್ಣು ಕಿರಿದಾಗಿದೆ, ಇನ್ನೊಂದು ತೆರೆದಿದೆ, ಅವಳು ಮುಖ ತಿರುಗಿಸಿಲ್ಲ—ಆ ಕಣ್ಣು ತೆರೆದಿದೆ—ಆ ಕಣ್ಣು—