ಬಡ ಯುರೋಪಿನ ಹಾಡು

ರೇಡಿಯೋ ಕೇಂದ್ರದ ರೆಕಾರ್ಡು ಕೋಣೆಯಲ್ಲಿ ಚೀಟಿ ಅಂಟಿಸುವ ಹೆಂಗಸನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಆರು ವರ್ಷದಿಂದ ಅವಳದು ತಾತ್ಕಾಲಿಕ ಕೆಲಸ. ಕಾಯಂ ಮಾಡುವ ಕಡತ ಅಂತೂ ಇಂತೂ ನಿರ್ದೇಶಕರ ಮೇಜಿನ ಮೇಲೆ ಬಂದು ಕೂತಿತ್ತು. ಒಂದು ಸಹಿ ಬಿದ್ದರೆ ಮುಗಿಯಿತು. ಹಾಗಾಗಿ ಆ ತಿಂಗಳು ಅವಳು ಉಸಿರನ್ನೂ ಅಳೆದು ತೂಗಿ ಬಿಡುತ್ತಿದ್ದಳು. ಮೆಟ್ಟಿಲ ಹತ್ತಿರ ಇಬ್ಬರು ನಿಂತು ಪಿಸುಗುಟ್ಟಿದರೆ ತನ್ನ ವಿಷಯವೇ ಇರಬೇಕು ಅಂದುಕೊಳ್ಳುವಳು.

ಅಂಥ ತಿಂಗಳಲ್ಲೇ 'ಬಡ' ಎನ್ನುವ ಎರಡಕ್ಷರ ಅವಳ ಕುತ್ತಿಗೆಗೆ ಬಂತು.

ಆದದ್ದಿಷ್ಟು. ನಿರ್ದೇಶಕರಿಗೆ ಅಚ್ಚಗನ್ನಡದ ಹುಚ್ಚು. ಪರದೇಶಗಳ ರಾಕ್ ಸಂಗೀತದ ಕಪಾಟನ್ನು ದಿಕ್ಕಿನ ಪ್ರಕಾರ ಜೋಡಿಸಬೇಕು ಎಂದು ಅವರು ಬಂದ ಹೊಸದರಲ್ಲೇ ಅಪ್ಪಣೆ ಮಾಡಿದ್ದರು. "ಪೂರ್ವ, ಪಶ್ಚಿಮ ಎಲ್ಲ ಯಾಕ್ರೀ? ಮೂಡಣ, ಪಡುವಣ, ತೆಂಕಣ, ಬಡಗಣ ಅಂತ ನಮ್ಮವೇ ಮಾತುಗಳಿಲ್ವಾ?" ಮಾತುಗಳೇನೋ ಚೆನ್ನಾಗಿಯೇ ಇದ್ದವು. ಆದರೆ ರೆಕಾರ್ಡಿನ ಅಂಚಿಗೆ ಅಂಟಿಸುವ ಪಟ್ಟಿಯಲ್ಲಿ ದಿಕ್ಕಿಗೆಂದು ಎರಡಕ್ಷರ, ಒಂದು ಚುಕ್ಕಿ, ಇಷ್ಟಕ್ಕೇ ಜಾಗ. ಆದ್ದರಿಂದ ಮೂಡಣ ಯುರೋಪು 'ಮೂಡ. ಯುರೋಪ್' ಆಯಿತು, ಉತ್ತರದ ಬಡಗಣ ಯುರೋಪು 'ಬಡ. ಯುರೋಪ್' ಆಯಿತು. ಚುಕ್ಕಿ ಇದೆಯಲ್ಲ, ಯಾರಿಗಾದರೂ ಅರ್ಥವಾಗುತ್ತದೆ ಎಂದು ಚೀಟಿಯಕ್ಕ ಭಾವಿಸಿದ್ದಳು. ಒಬ್ಬನಿಗೆ ಮಾತ್ರ ಅರ್ಥವಾಗಲಿಲ್ಲ.

ಅವನು ಗಂಟಲಣ್ಣ. ಹದಿನೇಳು ವರ್ಷ ಹವಾಮಾನ ಓದಿದವನು. 'ನಾಳೆ ಮೋಡ ಕವಿದ ವಾತಾವರಣ' ಎಂದು ಅವನು ಹೇಳಿದರೆ ಕೇಳಿದವರಿಗೆ ಸುಮ್ಮಸುಮ್ಮನೆ ಹಳೆಯದೆಲ್ಲ ನೆನಪಾಗಬೇಕು, ಅಂಥ ಗಂಟಲು. ಐದು ತಿಂಗಳ ಹಿಂದೆ ಭಾನುವಾರ ಮಧ್ಯಾಹ್ನದ ರಾಕ್ ಕಾರ್ಯಕ್ರಮ ಅವನ ಪಾಲಿಗೆ ಬಂದಿತ್ತು. ಗಿಟಾರಿಗೆ ಎಷ್ಟು ತಂತಿ ಎಂಬುದೂ ಅವನಿಗೆ ಖಾತ್ರಿ ಇರಲಿಲ್ಲ ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಿದ್ದರು.

ಆ ಭಾನುವಾರ ಚೀಟಿಯಕ್ಕ ಮನೆಯಲ್ಲಿ ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತ ರೇಡಿಯೋ ಕೇಳುತ್ತಿದ್ದಳು. ಗಂಟಲಣ್ಣ ಒಂದು ತಂಡದ ಹಾಡು ಹಾಕುವ ಮುಂಚೆ ಹೇಳಿದ: "ಕೇಳುಗರೇ, ಈಗ ಬಡ ಯುರೋಪಿನಿಂದ ಒಂದು ಹಾಡು. ಹೊದೆಯಲು ಕಂಬಳಿ ಇಲ್ಲದವರ ಚಳಿ ಇದರಲ್ಲಿದೆ. ಗಿಟಾರನ್ನು ಗಮನಿಸಿ, ನಾಲ್ಕೇ ಸ್ವರ. ಐದನೆಯದನ್ನು ನುಡಿಸುವ ಚೈತನ್ಯ ಹಸಿದ ಕೈಗಳಿಗೆ ಎಲ್ಲಿಂದ ಬರಬೇಕು?"

ಹಾಡು ಶುರುವಾಯಿತು. ಚೀಟಿಯಕ್ಕನಿಗೆ ಪಾಪ, ಎಂಥ ಮನೆಯ ಮಕ್ಕಳೋ ಅನ್ನಿಸಿತು. ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತು ಅಂಗಿಯ ಕಾಲರು ಕಂದಿತು.

"ಅಮ್ಮಾ, ಸುಟ್ಟ ವಾಸನೆ!" ಮಗಳು ಓಡಿ ಬಂದು ಪ್ಲಗ್ಗು ಕಿತ್ತಳು. ಒಂಬತ್ತನೇ ಕ್ಲಾಸು, ನಾಲಿಗೆ ಮಾತ್ರ ಡಿಗ್ರಿ ಮುಗಿಸಿದವರದು. "ಅಳ್ತಿದೀಯಾ? ಈ ಹಾಡಿಗಾ?"

"ನೋಡೇ, ಎಷ್ಟು ಬಡವರಂತೆ."

ಮಗಳು ಫೋನಿನಲ್ಲಿ ತಂಡದ ಹೆಸರು ಹುಡುಕಿದಳು. "ಎಸ್ಟೋನಿಯಾದವರಮ್ಮಾ. ಅಲ್ಲಿ ಓಟನ್ನೂ ಮನೇಲೇ ಕೂತು ಕಂಪ್ಯೂಟರಲ್ಲಿ ಹಾಕ್ತಾರಂತೆ. ಹಾಡೋನ ಮನೆ ಫೋಟೋ ನೋಡು, ನಮ್ಮ ಇಡೀ ಬಿಲ್ಡಿಂಗಿಗಿಂತ ದೊಡ್ಡದಿದೆ. ಬಡ ಯುರೋಪು ಅಂತ ಹೇಳಿದ್ದು ಯಾರು?"

ಚೀಟಿಯಕ್ಕನಿಗೆ ಆಗ ಹೊಳೆಯಿತು. ಹೇಳಿದ್ದು ಗಂಟಲಣ್ಣನಾದರೂ ಬರೆದದ್ದು ಅವಳೇ.

ಸೋಮವಾರ ಬೆಳಿಗ್ಗೆ ಅವಳು ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಗುಂಡಿರಾಯ ಬಾಗಿಲಲ್ಲಿ ನಿಂತಿದ್ದ. ಸ್ಟುಡಿಯೋದಲ್ಲಿ ಗುಂಡಿಗಳನ್ನು ಏರಿಸಿ ಇಳಿಸಿ ಧ್ವನಿ ಸರಿಮಾಡುವವನು, ಅದಕ್ಕೇ ಆ ಹೆಸರು. ಕೇಂದ್ರದ ಸುದ್ದಿಗಳನ್ನು ಏರಿಸಿ ಇಳಿಸುವುದರಲ್ಲೂ ಪಳಗಿದ ಕೈ.

"ಅಕ್ಕಾ, ಕೇಳಿದ್ರಾ? ಭೂಗೋಳದ ಮೇಷ್ಟ್ರೊಬ್ರು ಖುದ್ದಾಗಿ ಬಂದು ಕಾಗದ ಕೊಟ್ಟು ಹೋಗಿದಾರೆ. ಮೂವತ್ತು ವರ್ಷ ಪಾಠ ಮಾಡಿದೀನಿ, ಬಡ ಯುರೋಪ್ ಯಾವ ನಕಾಶೆಯಲ್ಲಿದೆ ತಿಳಿಸಿ, ಹೋಗಿ ನೋಡ್ಕೊಂಡು ಬರ್ತೀನಿ ಅಂತ."

"ದೊಡ್ಡವರು ಏನಂದ್ರು?"

"ಅವರೇನಂತಾರೆ? ಗಂಟಲಣ್ಣನ ಮಾತು ಕೇಳಿ. ನೀವು ಬೇಕೂ ಅಂತ್ಲೇ ಹಾಗೆ ಅಂಟಿಸಿದ್ದಂತೆ. ಅವನ ಮರ್ಯಾದೆ ತೆಗೆಯೋಕೆ."

"ನನಗ್ಯಾಕಪ್ಪಾ ಅವನ ಮರ್ಯಾದೆ?"

"ಒಂದ್ಸಲ ಎಲ್ಲರ ಮುಂದೆ ಅವನ ಉಚ್ಚಾರ ತಿದ್ದಿದ್ರಂತಲ್ಲ. ಆ ಕಾರ್ಯಕ್ರಮದ ಮೇಲೆ ಕಣ್ಣು ಹಾಕಿದೀರಿ ಅಂತಾನೆ." ಗುಂಡಿರಾಯ ದನಿ ಇಳಿಸಿದ. "ನಾನಂತೂ ನಂಬಲಿಲ್ಲ ಬಿಡಿ."

ಅವನು ನಂಬಲಿಲ್ಲ ಎಂದ ರೀತಿ ನೋಡಿದರೆ, ಆ ಮಾತನ್ನು ಗಂಟಲಣ್ಣನ ಬಾಯಿಗೆ ಹಾಕಿದವನೇ ಇವನಿರಬಹುದೇ ಅನ್ನಿಸಿತು. ಚೀಟಿಯಕ್ಕ "ಸರಿ, ನೀನು ಹೋಗು" ಎಂದು ಬಾಗಿಲು ಮುಂದಕ್ಕೆ ಮಾಡಿದಳು. ಮಧ್ಯಾಹ್ನದೊಳಗೆ ಚಿಕ್ಕದೊಂದು ಪತ್ರ ಬಂತು. ನಾಳೆ ಹನ್ನೊಂದಕ್ಕೆ ನಿರ್ದೇಶಕರ ಕೋಣೆಗೆ ಬಂದು ಸಮಜಾಯಿಷಿ ಕೊಡತಕ್ಕದ್ದು.

ಅವಳು ಸುಮ್ಮನೆ ಕೂರುವ ಪೈಕಿ ಅಲ್ಲ. ಆ ಮನುಷ್ಯ ಹಾಡು ಕೇಳಿ ಬರೆಯುತ್ತಾನೋ, ಚೀಟಿ ಓದಿ ಬರೆಯುತ್ತಾನೋ ನೋಡಿಯೇಬಿಡೋಣ ಎಂದು ಹಾಡಿಗೆ ಮುಂಚೆ ಓದಲು ಅವನು ಐದು ತಿಂಗಳಿಂದ ಬರೆದುಕೊಂಡ ಹಾಳೆಗಳ ಕಡತ ತೆಗೆದಳು. ನೋಡುತ್ತ ಹೋದಂತೆ ಅವಳ ಹುಬ್ಬು ಮೇಲಕ್ಕೇರಿತು. ತೆಂಕ. ಎಂದಿದ್ದ ಕಡೆಯೆಲ್ಲ ಬಿಸಿಲು, ಸೊಂಟ, ಸಮುದ್ರ. ಪಡು. ಎಂದರೆ ಬಂಡಾಯ, ಸ್ವಾತಂತ್ರ್ಯ, ಉದ್ದನೆಯ ರಸ್ತೆ. ಮೂಡ. ಯುರೋಪ್ ಬಂದರೆ ಸಾಕು, ಕಾರ್ಖಾನೆಯ ಹೊಗೆ ಏಳುತ್ತಿತ್ತು. ಪೋಲೆಂಡಿನ ಒಂದು ತಂಡ ಬೀಚಿನಲ್ಲಿ ಕುಣಿಯುವ ಹಾಡು ಹಾಡಿದ್ದರೂ ಅವನಿಗೆ ಅದರಲ್ಲಿ ಗೂಢಚಾರರ ಬೂಟಿನ ಸಪ್ಪಳ ಕೇಳಿತ್ತು.

ನಾಲ್ಕು ತಿಂಗಳ ಹಿಂದಿನ ಒಂದು ಹಾಳೆಯ ಬಳಿ ಅವಳ ಬೆರಳು ನಿಂತಿತು. ಹಾಡಿನ ಅವಧಿ: ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಭಾನುವಾರದ ಹಾಡೂ ಅಷ್ಟೇ ಇತ್ತಲ್ಲ?

ಕಪಾಟಿನಿಂದ ಎರಡೂ ರೆಕಾರ್ಡು ಇಳಿಸಿದಳು. ಒಂದರ ರಟ್ಟಿನ ಮೇಲೆ ಬೂದು ಬಣ್ಣದ ಗೋಡೆ, ಅದರ ಮುಂದೆ ನಾಲ್ವರು, ತಂಡದ ಹೆಸರು ಅವರದೇ ಭಾಷೆಯಲ್ಲಿ. ಇನ್ನೊಂದು ಬರೀ ಬಿಳಿ ರಟ್ಟು, ಹೆಸರು ಇಂಗ್ಲಿಷಿನಲ್ಲಿ. ಎರಡನ್ನೂ ಒಂದಾದ ಮೇಲೊಂದು ಹಾಕಿದಳು. ಶುರುವಿನಲ್ಲಿ ಡ್ರಮ್ಮಿನವನು ಕೋಲಿಗೆ ಕೋಲು ತಾಕಿಸಿ ನಾಲ್ಕು ಎಣಿಸುತ್ತಾನೆ, ಮೂರನೆಯದಕ್ಕೆ ಯಾರೋ ಕೆಮ್ಮುತ್ತಾರೆ. ಎರಡರಲ್ಲೂ ಅದೇ ಕೆಮ್ಮು. ಅದೇ ತಂಡ, ಅದೇ ಹಾಡು, ಮರುಮುದ್ರಣ ಅಷ್ಟೇ. ಮೊದಲನೆಯದು ಬಂದಾಗ ಎಸ್ಟೋನಿಯಾ ಮೂಡಣದ ಪಟ್ಟಿಯಲ್ಲಿತ್ತು. ಆಮೇಲೆ ನಿರ್ದೇಶಕರು ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯ ಪಟ್ಟಿ ತರಿಸಿದರು. ಅದರಲ್ಲಿ ಆ ದೇಶ ಬಡಗಣಕ್ಕೆ ಹೋಗಿತ್ತು. ಹೊಸ ರೆಕಾರ್ಡಿಗೆ ಹೊಸ ದಿಕ್ಕಿನ ಚೀಟಿ ಬಿತ್ತು, ಹಳೆಯದರ ಮೇಲೆ ಹಳೆಯ ಚೀಟಿಯೇ ಉಳಿಯಿತು.

ಗಂಟಲಣ್ಣ ನಾಲ್ಕು ತಿಂಗಳ ಹಿಂದೆ ಇದೇ ಹಾಡಿಗೆ ಬರೆದಿದ್ದ: 'ಉಕ್ಕಿನ ಭಾರ ಹೊತ್ತ ಎದೆಗಳು ಇಲ್ಲಿ ಏದುಸಿರು ಬಿಡುತ್ತಿವೆ.'

"ಸಿಕ್ಕಿಬಿದ್ದೆಯಲ್ಲೋ!" ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು. ನಾಳೆ ಎರಡು ಹಾಳೆ ಮೇಜಿನ ಮೇಲಿಟ್ಟರೆ ಆಯಿತು. ಒಂದೇ ಹಾಡು ವೈಶಾಖದಲ್ಲಿ ಉಕ್ಕು, ಭಾದ್ರಪದದಲ್ಲಿ ಹಸಿವು. ಚೀಟಿಗೆ ತಕ್ಕಂತೆ ಕುಣಿಯುವವನು ಚೀಟಿ ಅಂಟಿಸಿದವಳನ್ನು ದೂರಿದರೆ ಯಾರು ಕೇಳುತ್ತಾರೆ?

ಎರಡು ಹಾಳೆಯಲ್ಲೂ ಮೂಲೆಯಲ್ಲಿ ಕಾರ್ಡಿನ ನಂಬರಿತ್ತು. ಪ್ರತಿ ರೆಕಾರ್ಡಿಗೂ ಅವಳು ಒಂದೊಂದು ಕಾರ್ಡು ಬರೆಯಬೇಕು: ತಂಡ, ದೇಶ, ಅವಧಿ, ಕೊನೆಗೆ 'ಭಾವ, ಒಂದೇ ಮಾತಿನಲ್ಲಿ' ಎಂಬ ಅಂಕಣ. ಹಾಡು ಕೇಳಿ ಅನ್ನಿಸಿದ್ದನ್ನು ತುಂಬುವುದು ಅವಳ ಕೆಲಸ, ಅದನ್ನು ನೋಡಿಕೊಂಡು ಮಾತು ಬರೆಯುವುದು ಕಾರ್ಯಕ್ರಮ ನಡೆಸುವವರದು. ಸಾಕ್ಷಿ ಪೂರ್ತಿ ಇರಲಿ ಎಂದು ಆ ಎರಡು ಕಾರ್ಡನ್ನೂ ಡ್ರಾಯರಿನಿಂದ ಎಳೆದಳು.

ಮೂಡ. ಕಾರ್ಡಿನಲ್ಲಿ, ಅವಳದೇ ದುಂಡಗಿನ ಅಕ್ಷರದಲ್ಲಿ, 'ಭಾರ' ಎಂದಿತ್ತು.

ಬಡ. ಕಾರ್ಡಿನಲ್ಲಿ 'ಚಳಿ' ಎಂದಿತ್ತು.

ಅವಳು ಸ್ಟೂಲು ಎಳೆದುಕೊಂಡು ಕೂತಳು. ಭಾರದಿಂದ ಅವನು ಉಕ್ಕು ಮಾಡಿದ್ದ, ಚಳಿಯಿಂದ ಕಂಬಳಿ. ಹಿಟ್ಟು ಅವಳದು, ಅವನು ಬರೀ ತಟ್ಟಿದ್ದ. ಅವಳಿಗಾದರೂ ಬಡಗಣ ಎಂದರೆ ಉತ್ತರ ಎಂದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹಾಡಿನಲ್ಲಿ ಹಿಮ ಬಿದ್ದಿತ್ತು. ನಿನ್ನೆ ಅದೇ ಹಾಡಿಗೆ ಮೂರನೆಯ ಸಲ, ಹಸಿವು ಎಂದು ಕಿವಿಯಲ್ಲಿ ಹೇಳಿಸಿಕೊಂಡು, ಕಾಲರು ಸುಡುವವರೆಗೂ ಅತ್ತಿದ್ದಳು.

ಹಾಳೆಗಳನ್ನು ತೋರಿಸಿದರೆ ನಂಬರು ಹಿಡಿದು ಕಾರ್ಡು ತೆಗೆಸುವುದು ಖಂಡಿತ. ಕಾರ್ಡು ಹರಿದು ಹಾಕಬಹುದು. ಹೊಸದಾಗಿ ಬರೆದು ಎರಡರಲ್ಲೂ 'ಭಾರ' ಎಂದು ತುಂಬಬಹುದು. ಪೆನ್ನು ಕೈಯಲ್ಲೇ ಇತ್ತು. ಬಾಗಿಲ ಸಂದಿಯಲ್ಲಿ ನೆರಳಾಡಿದಂತಾಯಿತು. ಗುಂಡಿರಾಯನೇ? ನೋಡುತ್ತಿದ್ದಾನೆಯೇ? ಅವಳು ಥಟ್ಟನೆ ಎದ್ದು ಬಾಗಿಲು ತೆಗೆದಳು. ನೆಲ ಒರೆಸುವವಳು ಬಕೆಟ್ಟು ಎತ್ತಿಕೊಂಡು ಮುಂದೆ ಹೋಗುತ್ತಿದ್ದಳು. "ಏನಕ್ಕಾ, ಹಾಗ್ ನೋಡ್ತೀರಿ? ನಾನೇನ್ ಕದ್ದೆ?"

"ಏನಿಲ್ಲ, ಹೋಗು ತಾಯಿ."

ಪೆನ್ನಿನ ಮುಚ್ಚಳ ಹಾಕಿದಳು. ಇಲ್ಲದ ಬೂಟಿನ ಸಪ್ಪಳ ಕೇಳುವ ಕಿವಿ ಗಂಟಲಣ್ಣನದು ಮಾತ್ರವಲ್ಲ ಎಂದುಕೊಂಡು ಅವಳಿಗೆ ನಗುವೂ ಬಂತು, ಅಳುವೂ.

ಮಂಗಳವಾರ ಹನ್ನೊಂದಕ್ಕೆ ನಿರ್ದೇಶಕರ ಕೋಣೆಯಲ್ಲಿ ಗಂಟಲಣ್ಣ ಮೊದಲೇ ಕೂತಿದ್ದ. ಅವಳ ಕಡತ ಮೇಜಿನ ಬಲಕ್ಕಿತ್ತು, ಮೇಷ್ಟ್ರ ಕಾಗದ ಎಡಕ್ಕೆ.

"ಸಾರ್, ನೇರವಾಗಿ ಹೇಳ್ತೀನಿ," ಗಂಟಲಣ್ಣ ಹವಾಮಾನದ ದನಿಯಲ್ಲೇ ಶುರುಮಾಡಿದ. "ಇದು ಸಂಚು. ಬಡ ಅಂತ ಬರೆದು ನನ್ನ ಮುಂದೆ ಇಟ್ಟರೆ ನಾನು ಏನಂತ ಓದಬೇಕು? ಮೈಕಿನ ಮುಂದೆ ನಿಂತೋನಿಗೆ ಗುಂಡಿ ತೋಡಿದ ಹಾಗಲ್ವಾ?"

"ಚುಕ್ಕಿ ಇತ್ತಲ್ಲಪ್ಪಾ," ಎಂದಳು ಚೀಟಿಯಕ್ಕ.

"ಚುಕ್ಕಿ! ನೊಣ ಕೂತಿದೆ ಅಂದ್ಕೊಂಡೆ."

"ಸುಮ್ನಿರ್ರೀ ಇಬ್ರೂ," ಎಂದರು ನಿರ್ದೇಶಕರು. "ನೀವು ಹೇಳಿ. ಬೇಕಂತ ಮಾಡಿದ್ದಾ?"

ಅವಳು ಎರಡು ಹಾಳೆ ಇಟ್ಟಳು. ಒಂದು ಗಳಿಗೆ ತಡೆದು, ಎರಡು ಕಾರ್ಡನ್ನೂ ಅವುಗಳ ಮೇಲಿಟ್ಟಳು. "ಸಾರ್, ಇದು ಒಂದೇ ಹಾಡು. ಅವರು ಎರಡು ಥರ ಬರೆದಿದಾರೆ. ಅವರಿಗಿಂತ ಮುಂಚೆ ನಾನೇ ಎರಡು ಥರ ಕೇಳಿದೀನಿ. ಅಕ್ಷರ ನನ್ನದೇ."

ಗಂಟಲಣ್ಣ ಹಾಳೆಗಳನ್ನು ಎತ್ತಿ ನೋಡಿದ, ಇಟ್ಟ, ಮತ್ತೆ ಎತ್ತಿದ. ಇದರಲ್ಲಿ ಎಲ್ಲೋ ಕೊಕ್ಕೆ ಇರಲೇಬೇಕು ಎಂಬಂತೆ ಕಾರ್ಡಿನ ಹಿಂಬದಿಯನ್ನೂ ತಿರುಗಿಸಿದ.

"ಒಂದೇ ಹಾಡು ಅಂತ ಹೇಗೆ ನಂಬೋದು?" ಎಂದರು ನಿರ್ದೇಶಕರು. "ಹಾಕಿ ನೋಡೋಣ."

ಗುಂಡಿರಾಯ ಒಂದು ಪ್ಲೇಯರು ಹೊತ್ತು ತಂದ. ಎರಡೂ ರೆಕಾರ್ಡು ಹಾಕಿದರು. ಎರಡರಲ್ಲೂ ಕೆಮ್ಮು ಅಲ್ಲೇ ಬಂತು. ಎರಡನೆಯದು ಅರ್ಧಕ್ಕೆ ಬಂದಾಗ ನಿರ್ದೇಶಕರು ಕಣ್ಣು ಮುಚ್ಚಿ ತಲೆದೂಗಿದರು. "ಪರವಾಗಿಲ್ಲ. ಚೆನ್ನಾಗಿದೆ. ಈಗ ಓಡ್ತಿರೋದು ಯಾವುದು, ಮೂಡಣದ್ದಾ ಬಡಗಣದ್ದಾ?"

"ಎರಡೂ ಒಂದೇ ಅಲ್ವಾ ಸಾರ್," ಎಂದಳು.

"ಅದು ಸರಿ. ಆದರೂ ಯಾವುದು ಅಂತ ಗೊತ್ತಾದ್ರೆ..." ಅವರು ಅಷ್ಟಕ್ಕೇ ನಿಲ್ಲಿಸಿ ಕಣ್ಣು ತೆರೆದರು. ಗುಂಡಿರಾಯ ಕಿಟಕಿಯ ಕಡೆ ತಿರುಗಿ ನಗು ನುಂಗಿದ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು, ಅಗತ್ಯಕ್ಕಿಂತ ಹೆಚ್ಚು ಹೊತ್ತೇ ಒರೆಸಿದರು.

ಆಮೇಲೆ ಗಂಟಲಣ್ಣನ ಕಡೆ ನೋಡಿ ಹೇಳಿದರು: "ಸಂಚು ಮಾಡೋರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡು ಬರ್ತಾರೇನ್ರೀ? ಈ ಕಾರ್ಡು ಅವರು ಬಚ್ಚಿಟ್ಟಿದ್ರೆ ನೀವು ಇವತ್ತು ಮತ್ತೆ ಹವಾಮಾನಕ್ಕೆ ಹೋಗ್ತಿದ್ರಿ." ಬಲಗಡೆಯ ಕಡತವನ್ನು ಎಳೆದುಕೊಂಡು, ತುಸು ಮುನಿಸಿನಿಂದಲೇ, ಸಹಿ ಹಾಕಿದರು. "ಆ ಭಾವದ ಅಂಕಣ ಇವತ್ತಿಂದ ಬೇಡ. ಮೇಷ್ಟ್ರಿಗೆ ನಾನೇ ಬರೀತೀನಿ."

ಸಹಿಯ ಮಸಿ ಒಣಗುವವರೆಗೂ ಚೀಟಿಯಕ್ಕ ಅದನ್ನೇ ನೋಡುತ್ತಿದ್ದಳು. ಎಲ್ಲಿ ಅಳಿಸಿಬಿಡುತ್ತಾರೋ ಎಂದು.

ಹೊರಗೆ ಓಣಿಯಂಥ ಕಾರಿಡಾರಿನಲ್ಲಿ ಗಂಟಲಣ್ಣ ಅವಳಿಗಾಗಿ ಕಾದಿದ್ದ. ದನಿಯಲ್ಲಿ ಮೋಡ ಇರಲಿಲ್ಲ. "ಅಕ್ಕಾ, ನಿಜ ಹೇಳಿ. ಇದರಲ್ಲಿ ನಿಮಗೇನು ಲಾಭ ಇತ್ತು?"

"ಲಾಭ ಏನಿಲ್ಲ ಮಾರಾಯ. ಹೆದರಿಕೆ ಇತ್ತು."

"ಹೋಗ್ಲಿ. ಆ ಹಾಡು ನಿಜವಾಗಿ ಹೇಗಿದೆ?"

ಅವಳು ಎರಡೂ ರೆಕಾರ್ಡನ್ನು ಎದೆಗೆ ಅವುಚಿಕೊಂಡು ಯೋಚಿಸಿದಳು. ಭಾರ, ಚಳಿ, ಪಾಪ ಎಲ್ಲ ಒಂದೊಂದಾಗಿ ಬಾಯಿಗೆ ಬಂದು ಹಿಂದಕ್ಕೆ ಹೋದವು. "ಗೊತ್ತಿಲ್ಲಪ್ಪಾ," ಎಂದಳು. "ಆರು ಸಲ ಹಾಕಿದೀನಿ, ಇನ್ನೂ ಕೇಳಿಲ್ಲ."

ಗಂಟಲಣ್ಣ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಈ ಮಾತಿನ ಹಿಂದೆ ಇನ್ನೇನಿದೆಯೋ ಎಂದು ಹುಡುಕುತ್ತಿದ್ದನೆಂದು ಕಾಣುತ್ತದೆ.